25 ವರ್ಷ ಅಂತ ಕಟ್ಟಿದ ಸಬ್‌ಮರೀನ್ 35 ವರ್ಷ ಹೇಗೆ ಓಡುತ್ತದೆ?

1987ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ಸಿಂಧುಧ್ವಜ್ 2022ರವರೆಗೂ ದುಡಿಯಿತು. ಆಯಸ್ಸು ತೀರ್ಮಾನಿಸುವುದು ಎಂಜಿನ್ ಅಲ್ಲ, ನೀರಿನ ಒತ್ತಡ ತಡೆಯುವ ಒಳಕವಚ. ಆಳಕ್ಕಿಳಿದಾಗಲೆಲ್ಲ ಅದು ಕೊಂಚ ಕುಗ್ಗಿ, ಮೇಲೆ ಬಂದಾಗ ಹಿಗ್ಗುತ್ತದೆ. ವರ್ಷಗಟ್ಟಲೆ ಹೀಗಾದರೆ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಅದಕ್ಕೇ ದೊಡ್ಡ ರಿಫಿಟ್‌ನಲ್ಲಿ (ಹಡಗುಕಟ್ಟೆಯಲ್ಲಿ ನಡೆಯುವ ಸಮಗ್ರ ದುರಸ್ತಿ) ಹೊರಕವಚವನ್ನು ಅಲ್ಲಲ್ಲಿ ಬಿಚ್ಚಿ, ಅಲ್ಟ್ರಾಸೌಂಡ್‌ನಿಂದ ಒಳಗಿನ ಉಕ್ಕಿನ ದಪ್ಪ ಅಳೆಯುತ್ತಾರೆ. ತುಕ್ಕು ತಿಂದ ಭಾಗ ಕತ್ತರಿಸಿ ಹೊಸದು ಬೆಸೆಯುತ್ತಾರೆ. ಉಪ್ಪುನೀರಿನ ಪೈಪು, ವಾಲ್ವುಗಳನ್ನೂ ಬದಲಿಸಬೇಕು. ಬ್ಯಾಟರಿಯಂತೂ 120 ಸೆಲ್‌ಗಳ ಎರಡು ಗುಂಪು. ಅದು ಹೇಗೂ ಕೆಲವೇ ವರ್ಷದ ಮಾಲು.

ಹೊಸ ಸೋನಾರ್ (ಶಬ್ದದಿಂದ ನೀರೊಳಗಿನದನ್ನು ಪತ್ತೆಹಚ್ಚುವ ಸಾಧನ), ಕ್ಷಿಪಣಿ ಸುದ್ದಿಯಾಗುತ್ತವೆ, ಆದರೆ ಕಾಲ ತಿನ್ನುವುದು ಇಕ್ಕಟ್ಟಿನೊಳಗಿನ ಪೈಪು-ಕೇಬಲ್ ಕೆಲಸ. ವಿಶಾಖಪಟ್ಟಣದಲ್ಲಿ 2006ರಲ್ಲಿ ರಿಫಿಟ್‌ಗೆ ಹೋದ ಇನ್ನೊಂದು ಸಬ್‌ಮರೀನ್ ಸಿಂಧುಕೀರ್ತಿ ಹೊರಬಂದದ್ದು 2015ರಲ್ಲಿ!