ಸೈಕಲ್ ಹಿಂದೆ ಬಚ್ಚಿಟ್ಟ ಇಂಜಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನನ್ನ ಹತ್ರ 26 ಇಂಚಿನ ಗಟ್ಟಿಮುಟ್ಟಾದ ಸೈಕಲ್ ಇದೆ, ಕಳೆ ಕಟರ್‌ದು ಒಂದು 35 ಸಿಸಿ ಫೋರ್ ಸ್ಟ್ರೋಕ್ ಇಂಜಿನ್ ಸಿಕ್ಕಿದೆ. ಇದನ್ನ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ ಬ್ಯಾಗ್ ಮುಚ್ಚಿ, ನೋಡಿದೋರಿಗೆ ಮಾಮೂಲಿ ಸೈಕಲ್ ಥರಾನೇ ಕಾಣೋ ಹಾಗೆ ಮಾಡ್ಬೇಕು ಅಂತ ಆಸೆ. ಚೈನ್ ಹಾಕ್ಲಾ, ಟೈರಿಗೆ ರೋಲರ್ ಒತ್ಲಾ? ಎಷ್ಟು ಸ್ಪೀಡ್ ಬರುತ್ತೆ? ಬ್ಯಾಗ್ ಒಳಗೆ ಬಿಸಿಯಾಗಿ ಏನಾದ್ರೂ ಆಗುತ್ತಾ?

ಉತ್ತರ: ಮನೇಲಿ ಯಾರಾದ್ರೂ ಇದು ಹುಚ್ಚಾಟ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಹಿಂದಿನ ಚಕ್ರದ ಹತ್ರ ಇಂಜಿನ್ ಕೂರಿಸೋದನ್ನ ದೊಡ್ಡ ಕಂಪನಿಗಳೇ ಮಾಡಿ ಮಾರಿವೆ. 1950ರಲ್ಲಿ ಬ್ರಿಟನ್‌ನಲ್ಲಿ ಬಂದ ಸೈಕಲ್‌ಮಾಸ್ಟರ್ ಈ ಅಡಗಿಸೋ ವಿದ್ಯೆಗೆ ಗುರು, ಹಿಂದಿನ ಚಕ್ರ ಬಿಚ್ಚಿ ಆ ಜಾಗಕ್ಕೆ ಇಂಜಿನ್ ಒಳಗೇ ಇರೋ ಚಕ್ರ ಹಾಕೋದು ಅಷ್ಟೇ, ಮೊದಲು ಬಂದಿದ್ದು 25.7 ಸಿಸಿ, ಟ್ಯಾಂಕ್ ಕೂಡ ಅಲ್ಲೇ. 1952ರ ಹೋಂಡಾ ಕಬ್ ಎಫ್ ಕೂಡ ಹಿಂದಿನ ಚಕ್ರದ ಪಕ್ಕಕ್ಕೇ ಅಂಟಿಕೊಂಡಿತ್ತು, ಆದ್ರೆ ಬಿಳಿ ಟ್ಯಾಂಕು ಕೆಂಪು ಇಂಜಿನ್ ಕವರು ಹಾಕಿ ಎದ್ದು ಕಾಣ್ಲಿ ಅಂತಾನೇ ಮಾಡಿದ್ದು, ನಿಮ್ದು ಅದಕ್ಕೆ ಉಲ್ಟಾ.

ಈಗ ಚೈನೋ ರೋಲರೋ ಅನ್ನೋದು. ಸ್ವಲ್ಪ ಲೆಕ್ಕ ಮಾಡಿದ್ರೆ ಉತ್ತರ ತಾನಾಗೇ ಬರುತ್ತೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಚೂರು ಜಾಸ್ತಿ ಹೋಗುತ್ತೆ, ಗಂಟೆಗೆ 30 ಕಿಮೀ ಬೇಕಂದ್ರೆ ಚಕ್ರ ನಿಮಿಷಕ್ಕೆ ಸುಮಾರು 240 ಸುತ್ತು ತಿರುಗಿದ್ರೆ ಸಾಕು. ನಿಮ್ಮ ಇಂಜಿನ್ನೋ 6000-7000ಕ್ಕೆ ಹೋದ್ರೇನೇ ದಮ್ ತೋರಿಸೋದು, ಅಂದ್ರೆ ಇಂಜಿನ್ ಸುಮಾರು 25 ಸುತ್ತು ತಿರುಗಿದಾಗ ಚಕ್ರ 1 ಸುತ್ತು ತಿರುಗೋ ಹಾಗೆ ಇಳಿಸ್ಬೇಕು. ಒಂದೇ ಜೊತೆ ಹಲ್ಲುಚಕ್ರದಲ್ಲಿ ಇದು ಆಗಲ್ಲ, 10 ಹಲ್ಲು ಮುಂದೆ 44 ಹಲ್ಲು ಹಿಂದೆ ಹಾಕಿದ್ರೂ ಬರೋದು 4.4 ಮಾತ್ರ, ಮಧ್ಯೆ ಒಂದು ಗೇರ್‌ಬಾಕ್ಸ್ ಬೇಕೇ ಬೇಕು, ಅದರ ತೂಕ, ಅದರ ಎಣ್ಣೆ, ಎಡಗಡೆ ಹಬ್‌ಗೆ (ಚಕ್ರದ ನಡುಭಾಗಕ್ಕೆ) ಇನ್ನೊಂದು ಸ್ಪ್ರಾಕೆಟ್, ಅಂದ್ರೆ ಹಲ್ಲುಚಕ್ರ, ಕೂರಿಸೋ ಪಜೀತಿ. ಸ್ಪ್ರಾಕೆಟ್ಟನ್ನ ಕಡ್ಡಿಗಳಿಗೇ ರಬ್ಬರ್ ಕೊಟ್ಟು ಬಿಗಿಯೋ ಕಿಟ್ ಬರ್ತವೆ, ಅದನ್ನ ಹಾಕಿದ್ರೆ ಕಡ್ಡಿ ಒಂದೊಂದಾಗಿ ಮುರಿಯೋದನ್ನ ಕಾಯ್ತಾ ಕೂರ್ಬೇಕಾಗುತ್ತೆ, ನಾನಂತೂ ಬೇಡ ಅಂತೀನಿ. ಅಡಗಿಸೋದೇ ಆಸೆ ಆದ್ರೆ ಪಕ್ಕದಲ್ಲಿ ಎರಡನೇ ಚೈನ್ ನೇತಾಡ್ತಿದ್ರೆ ಬ್ಯಾಗ್ ಹಾಕಿ ಏನು ಪ್ರಯೋಜನ ಹೇಳಿ.

ರೋಲರ್ ಈ ಕೆಲಸಾನ ಒಂದೇ ಏಟಿಗೆ ಮುಗಿಸುತ್ತೆ, ಇಂಜಿನ್ ತಿರುಗಿಸೋ ಸಣ್ಣ ಉರುಳೆ ಟೈರಿಗೆ ಒತ್ತಿಕೊಂಡು ದೊಡ್ಡ ಚಕ್ರಾನ ನಿಧಾನಕ್ಕೆ ತಿರುಗಿಸುತ್ತೆ. ಫ್ರಾನ್ಸಿನ ವೆಲೋಸೊಲೆಕ್ಸ್ 1946ರಿಂದ ದಶಕಗಳ ಕಾಲ ಹೀಗೇ ಓಡಿದ್ದು, ಅದರಲ್ಲಿ ಮುಂದಿನ ಟೈರಿಗೆ ಒತ್ತೋರು, ನೀವು ಹಿಂದಿನದಕ್ಕೆ ಒತ್ತಿ. ಸ್ಪೀಡ್ ಲೆಕ್ಕದಲ್ಲಿ ಚಕ್ರದ ಸೈಜ್ ಬರೋದೇ ಇಲ್ಲ, ರೋಲರಿನ ಸುತ್ತಳತೆ ಗುಣಿಸು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು), ಮುಗೀತು. 25 ಮಿಮೀ ವ್ಯಾಸದ ರೋಲರ್ 6000ದಲ್ಲಿ ಗಂಟೆಗೆ 28 ಕಿಮೀ ಕೊಡುತ್ತೆ, 32 ಮಿಮೀ ಹಾಕಿದ್ರೆ 36. ಇದು ಜಾರದೇ ಇದ್ರೆ ಬರೋ ಲೆಕ್ಕ, ನಿಜವಾಗಿ ಚೂರು ಕಡಿಮೇನೇ ಸಿಗುತ್ತೆ. ಈ ಸೈಜಿನ ಇಂಜಿನ್ ಕೊಡೋದು ಒಂದು ಕಿಲೋವ್ಯಾಟ್ ಆಸುಪಾಸು, ಅದಕ್ಕೆ 25ರದ್ದೇ ಸರಿ, ಏರಿನಲ್ಲಿ ದೊಡ್ಡ ರೋಲರ್ ಇಂಜಿನ್ನಿನ ಉಸಿರು ಕಟ್ಟಿಸಿಬಿಡುತ್ತೆ.

ಒಂದು ಕಡೆ ಮಾತ್ರ ಜುಗ್ಗತನ ಮಾಡ್ಬೇಡಿ. ರೋಲರನ್ನ ಇಂಜಿನ್ ಶಕ್ತಿ ಆಚೆ ಕೊಡೋ ಕ್ಲಚ್ ಡ್ರಮ್ಮಿನ ತುದಿಗೆ ಸುಮ್ನೆ ನೇತುಹಾಕ್ಬೇಡಿ, ಟೈರ್ ಒತ್ತೋ ಭಾರ ಎಲ್ಲಾ ಒಂದೇ ಕಡೆಯಿಂದ ಬಿದ್ದು ಬೇರಿಂಗ್ ಎದ್ದುಹೋಗುತ್ತೆ. ರೋಲರಿಗೆ ಅದರದ್ದೇ ಶಾಫ್ಟು, ಎರಡೂ ತುದಿಗೆ ಬೇರಿಂಗು, ಆಮೇಲೆ ಕ್ಲಚ್ಚಿಗೆ ಜೋಡಣೆ. ಮತ್ತೆ ಇಂಜಿನ್ ಬೇಡ ಅಂದಾಗ ರೋಲರ್ ಮೇಲೆ ಎತ್ತಕ್ಕೆ ಒಂದು ಲಿವರ್ ಇಡಿ, ಇಲ್ದಿದ್ರೆ ಪೆಡಲ್ ತುಳಿಯುವಾಗೆಲ್ಲಾ ಅದನ್ನೂ ಎಳ್ಕೊಂಡು ಹೋಗ್ತೀರ.

ಇನ್ನು ಬ್ಯಾಗ್. ಜನ ಎಡವೋದೇ ಇಲ್ಲಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ನಿಮ್ಮ ಇಂಜಿನ್ ತಣ್ಣಗಾಗೋದು ಗಾಳಿಯಿಂದ, ಇಂಜಿನ್ ಜೊತೆ ತಿರುಗೋ ಫ್ಲೈವೀಲ್ ಅನ್ನೋ ಭಾರದ ಚಕ್ರದಲ್ಲೇ ರೆಕ್ಕೆಗಳಿವೆ, ಅವು ಸ್ಟಾರ್ಟ್ ಮಾಡಕ್ಕೆ ಹಗ್ಗ ಎಳೆಯೋ ಕಡೆಯ ಜಾಲರಿಯಿಂದ ಗಾಳಿ ಎಳ್ಕೊಂಡು ಸಿಲಿಂಡರಿನ ಫಿನ್ (ಬಿಸಿ ಬಿಡೋ ಲೋಹದ ಪಟ್ಟಿಗಳು) ಮೇಲೆ ಊದಿ ಆಚೆ ಬಿಡ್ತವೆ. ಬ್ಯಾಗ್ ಮುಚ್ಚಿದ ಕೂಡ್ಲೇ ಏನಾಗುತ್ತೆ ಅಂದ್ರೆ ಆಚೆ ಬಿಟ್ಟ ಬಿಸಿಗಾಳಿ ಸುತ್ತಿ ಬಂದು ಮತ್ತೆ ಅದೇ ಜಾಲರಿಗೆ ಹೋಗುತ್ತೆ, ಪ್ರತಿ ಸುತ್ತಿಗೂ ಇನ್ನಷ್ಟು ಬಿಸಿ, ಕೊನೆಗೆ ಪಿಸ್ಟನ್ ಜಾಮ್. ಬರೀ ತೂತು ಮಾಡಿದ್ರೆ ಸಾಲದು, ಒಳಗೊಂದು ಅಲ್ಯೂಮಿನಿಯಂ ತಗಡು ಅಡ್ಡ ನಿಲ್ಲಿಸಿ ತಣ್ಣನೆ ಪಾಲು ಬಿಸಿ ಪಾಲು ಅಂತ ಬೇರೆ ಮಾಡಿ. ಜಾಲರಿ, ಏರ್ ಫಿಲ್ಟರ್, ಟ್ಯಾಂಕ್ ಒಂದು ಕಡೆ, ಫಿನ್ನು ಸೈಲೆನ್ಸರ್ರು ಇನ್ನೊಂದು ಕಡೆ, ಒಳಗೆ ಬರೋ ಕಿಂಡಿ ಕಡೇ ಪಕ್ಷ ಜಾಲರಿಯಷ್ಟಾದ್ರೂ ಅಗಲ ಇರ್ಲಿ, ಹೊರಗೆ ಹೋಗೋದು ಅದಕ್ಕಿಂತ ದೊಡ್ಡದಿರ್ಲಿ. ಸೈಲೆನ್ಸರ್ ಬಾಯಿ ಬ್ಯಾಗಿನಿಂದ ಪೂರ್ತಿ ಹೊರಗೇ ಬರ್ಬೇಕು, ಕೆಳಗೆ ಹಿಂದಕ್ಕೆ ತಿರುಗಿಸಿ. ನೈಲಾನ್, ಪಾಲಿಯೆಸ್ಟರ್ ಬ್ಯಾಗ್ ಸೈಲೆನ್ಸರಿಗೆ ತಾಗಿದ್ರೆ ಕರಗುತ್ತೆ, ಮಧ್ಯೆ ತಗಡು ಇರ್ಲಿ, ತಗಡಿಗೂ ಬಟ್ಟೆಗೂ ನಡುವೆ ಖಾಲಿ ಜಾಗಾನೂ ಇರ್ಲಿ.

ತಳಕ್ಕೆ ಬಟ್ಟೆ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ಕೂರುತ್ತೆ, ಎಂಥಾ ಚಳಿಯಲ್ಲೂ ಒಂದು ಕಿಡಿ ಸಾಕು ಹತ್ಕೊಳ್ಳಕ್ಕೆ, ಅದೂ ನಿಮ್ಮ ಬೆನ್ನ ಹಿಂದೇನೇ. ತಳ ಬಿಟ್ಟಿದ್ರೆ ಆವಿ ಹೊರಟುಹೋಗುತ್ತೆ. ಇಂಜಿನ್ ಆಫ್ ಮಾಡೋ ಸ್ವಿಚ್ ಹ್ಯಾಂಡಲಿಗೇ ತನ್ನಿ, ಬ್ಯಾಗ್ ತೆಗೆದು ಆಫ್ ಮಾಡೋ ಹಾಗೆ ಇಡ್ಬೇಡಿ ಮಾರಾಯ್ರೇ.

ಪ್ರಶ್ನೆ: ಇದೇ ವಿಷಯ ಸರ್, ಇಂಜಿನ್ ಕಾಣ್ದೇ ಇದ್ರೆ ಲೈಸೆನ್ಸು ರಿಜಿಸ್ಟ್ರೇಷನ್ನು ಬೇಡ ಅಲ್ವಾ? ಶಬ್ದ ಕಡಿಮೆ ಮಾಡೋದು ಹೇಗೆ?

ಉತ್ತರ: ಕಾನೂನು ಕೇಳೋದು ಇಂಜಿನ್ ಇದೆಯಾ, ಎಷ್ಟು ಸಿಸಿ, ಎಷ್ಟು ಸ್ಪೀಡು ಅಂತ, ಕಾಣುತ್ತಾ ಅಂತ ಅಲ್ಲ. ಮಿತಿ ಒಂದೊಂದು ದೇಶದಲ್ಲಿ ಒಂದೊಂದು ಥರ, ನಿಮ್ಮಲ್ಲಿ ಏನಿದೆ ಅಂತ ಸಾಮಾನು ಕೊಳ್ಳೋ ಮುಂಚೇನೇ ನೋಡ್ಕೊಳ್ಳಿ, ಮೋಟಾರು ವಾಹನ ಅಂತಾದ್ರೆ ಕಾಗದಪತ್ರ ಮಾಡಿಸಿ, ಆಕ್ಸಿಡೆಂಟ್ ಆದ ದಿನ ಬ್ಯಾಗ್ ಬಿಚ್ಚಿ ನೋಡ್ದೇ ಯಾರೂ ಬಿಡಲ್ಲ. ನೋಡಕ್ಕೆ ಚೆಂದ ಇರ್ಲಿ, ಕಳ್ಳರ ಕಣ್ಣಿಗೆ ಬೀಳದೇ ಇರ್ಲಿ ಅಂತ ಮುಚ್ಚೋದಾದ್ರೆ ಮಾತ್ರ ನನ್ನ ಬೆಂಬಲ.

ಶಬ್ದದ ವಿಷಯಕ್ಕೆ ಬಂದ್ರೆ, ಕಣ್ಣಿಗೆ ಮರೆ ಮಾಡ್ಬೋದು, ಕಿವಿಗೆ ಕಷ್ಟ. 6000 ಆರ್‌ಪಿಎಂನಲ್ಲಿ ಫೋರ್ ಸ್ಟ್ರೋಕ್ ಸೆಕೆಂಡಿಗೆ 50 ಸಲ ಸಿಡಿಯುತ್ತೆ, ಟೂ ಸ್ಟ್ರೋಕ್ 100 ಸಲ, ಆ ಕೀರಲು ದನಿ ದೂರಕ್ಕೇ ಗೊತ್ತಾಗುತ್ತೆ, ಆ ಮಟ್ಟಿಗೆ ನಿಮ್ಮದು ಫೋರ್ ಸ್ಟ್ರೋಕ್ ಆಗಿದ್ದು ಒಳ್ಳೇದಾಯ್ತು. ಇಂಜಿನ್ ಮತ್ತೆ ಕ್ಯಾರಿಯರ್ ಮಧ್ಯೆ ರಬ್ಬರ್ ಬುಷ್ ಹಾಕಿದ್ರೆ ಫ್ರೇಮ್ ಪೂರ್ತಿ ಗುಂಯ್ ಅನ್ನೋದು ನಿಲ್ಲುತ್ತೆ. ಟೈರ್ ಗುಬುಟು ಗುಬುಟು ಇರೋದಾದ್ರೆ ರೋಲರ್ ಮೇಲೆ ಅದರದ್ದೇ ಒಂದು ಗೊರಗೊರ ಶುರು, ನುಣ್ಣಗಿರೋ ಟೈರ್ ಹಾಕಿ. ಸೈಲೆನ್ಸರ್ ಬಾಯಿ ಸಣ್ಣ ಮಾಡಕ್ಕೆ ಹೋಗ್ಬೇಡಿ, ಹೊಗೆ ಹೊರಗೆ ಹೋಗ್ದೇ ಇಂಜಿನ್ ಇನ್ನೂ ಬಿಸಿಯಾಗುತ್ತೆ.

ಪ್ರಶ್ನೆ: ನಾನೂ ರೋಲರ್ ಹಾಕಿದೀನಿ, ಮಳೇಲಿ ಜಾರುತ್ತೆ, ಟೈರೂ ಬೇಗ ಸವೀತಿದೆ. ಬ್ರೇಕ್ ಹಳೇದೇ ಸಾಕಾ?

ಉತ್ತರ: ಜಾರುತ್ತೆ ಅಂತ ಇನ್ನೂ ಒತ್ತಿದ್ರೆ ಟೈರ್ ಇನ್ನೂ ಬೇಗ ಹೋಗುತ್ತೆ, ಮೊದ್ಲು ಟೈರಿನ ಗಾಳಿ ನೋಡಿ, ಗಾಳಿ ಕಮ್ಮಿ ಇದ್ರೆ ಎರಡೂ ತೊಂದ್ರೆ ಒಟ್ಟಿಗೇ ಬರುತ್ತೆ. ಚೂಪು ಗೀರು ಇರೋ ಉಕ್ಕಿನ ರೋಲರ್ ರಬ್ಬರನ್ನ ತುರಿದು ಹಾಕುತ್ತೆ, ಮರಳು ಕಾಗದದಂಥ ಒರಟು ಮೈ ಇರೋದು ವಾಸಿ. ಜೋರು ಮಳೇಲಿ ಮಾತ್ರ ಏನು ಹಾಕಿದ್ರೂ ಜಾರುತ್ತೆ, ಆಗ ಲಿವರ್ ಎತ್ತಿ ತುಳೀರಿ, ಪೆಡಲ್ ಇರೋದೇ ಅದಕ್ಕೆ.

ಬ್ರೇಕ್ ಹಳೇದು ಸಾಲಲ್ಲ. ಸ್ಪೀಡ್ ಗಂಟೆಗೆ 15ರಿಂದ 30 ಆದ್ರೆ ಬ್ರೇಕ್ ತಿನ್ಬೇಕಾದ ಶಕ್ತಿ ನಾಲ್ಕು ಪಟ್ಟು, ಜೊತೆಗೆ ಇಂಜಿನ್ ತೂಕ ಬೇರೆ. ನಿಲ್ಲಿಸೋ ಕೆಲಸ ಹೆಚ್ಚಾಗಿ ಮಾಡೋದು ಮುಂದಿನ ಚಕ್ರ, ಅದಕ್ಕೆ ಮೊದಲು ಮುಂದೆ ಡಿಸ್ಕ್ ಹಾಕ್ಸಿ, ಫೋರ್ಕ್‌ನಲ್ಲಿ ಅದಕ್ಕೆ ಜಾಗ ಇಲ್ಲ ಅಂದ್ರೆ ಒಳ್ಳೇ ಬ್ರೇಕ್ ಶೂ, ಹೊಸ ಕೇಬಲ್ಲು, ಮತ್ತೆ ಸ್ಪೀಡ್ ಇಳಿಸಕ್ಕೆ ಚಿಕ್ಕ ರೋಲರ್.