ಮಗಳ ಬಾಣಂತನಕ್ಕೆ ಶಿಕಾಗೋಗೆ ಹೋಗಬೇಕು, ಟಿಕೆಟ್ ಯಾವಾಗ ಕೊಳ್ಳಲಿ?

ವಿದೇಶ ಪ್ರಯಾಣದ ಟಿಕೆಟ್ ದರದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡು, ಹಲವು ವರ್ಷ ಟಿಕೆಟ್ ಕಾಯ್ದಿರಿಸುವ ಕೆಲಸವನ್ನೇ ಮಾಡಿದವರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಊರು ಶಿರಸಿ. ಶಿಕಾಗೋದಲ್ಲಿರುವ ಮಗಳಿಗೆ ಆಗಸ್ಟ್ ಮೊದಲ ವಾರದಲ್ಲಿ ಹೆರಿಗೆ. ಬಾಣಂತನಕ್ಕೆಂದು ನಾವಿಬ್ಬರೂ ಮೊದಲ ಬಾರಿಗೆ ವಿಮಾನ ಹತ್ತಬೇಕಾಗಿದೆ. ವೀಸಾ ಬಂದಿದೆ. ಬೆಳಗ್ಗೆ ನೋಡಿದ ದರ ಸಂಜೆಗೆ ಇರುವುದಿಲ್ಲ. ಮಂಗಳವಾರ ಮಧ್ಯರಾತ್ರಿ ಕೊಂಡರೆ ಅಗ್ಗ ಎನ್ನುತ್ತಾರೆ ಪಕ್ಕದ ಮನೆಯವರು. ಕಾಯಿರಿ, ಇಳಿಯುತ್ತದೆ ಎನ್ನುತ್ತಾನೆ ಅಳಿಯ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ವಿಮಾನದಲ್ಲಿ ಅಕ್ಕಪಕ್ಕ ಕುಳಿತು ಒಂದೇ ಊಟ ಮಾಡುವ ಇಬ್ಬರು ಬೇರೆ ಬೇರೆ ಹಣ ಕೊಟ್ಟಿರುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಎಕಾನಮಿ ಸೀಟುಗಳನ್ನು ವಿಮಾನ ಸಂಸ್ಥೆಯು ಹಲವು ದರ್ಜೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಇಂಗ್ಲಿಷಿನ ಒಂದೊಂದು ಅಕ್ಷರವನ್ನು ಗುರುತಾಗಿ ಇಟ್ಟಿರುತ್ತದೆ. ‘ವೈ’ ಎಂದರೆ ಪೂರ್ಣ ದರದ ಸೀಟು. ಉಳಿದ ಅಕ್ಷರಗಳು ಅದಕ್ಕಿಂತ ಅಗ್ಗ, ಆದರೆ ಅಷ್ಟಷ್ಟೇ ಬಿಗಿಯಾದ ಷರತ್ತುಗಳಿಗೆ ಒಳಪಟ್ಟವು. ಅಗ್ಗದ ದರ್ಜೆಯಲ್ಲಿ ಬಿಟ್ಟ ಸೀಟುಗಳು ಮುಗಿದೊಡನೆ ಮೇಲಿನ ದರ್ಜೆಯ ದರ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಯಾರಾದರೂ ರದ್ದು ಮಾಡಿದರೆ, ಇಲ್ಲವೇ ಮಾರಾಟ ಮಂದವಾಗಿದೆ ಎಂದು ಸಂಸ್ಥೆಗೆ ಅನ್ನಿಸಿದರೆ ಕೆಳಗಿನ ದರ್ಜೆ ಮತ್ತೆ ತೆರೆಯುತ್ತದೆ. ನೀವು ಬೆಳಗ್ಗೆ ಕಂಡು ಸಂಜೆ ಕಾಣದೇ ಹೋದದ್ದು ಬಹುಮಟ್ಟಿಗೆ ಇದೇ ಏರಿಳಿತ. ಇದು ವಾರದ ಎಲ್ಲ ದಿನ, ಎಲ್ಲ ಹೊತ್ತಿನಲ್ಲೂ ನಡೆಯುತ್ತಲೇ ಇರುವುದರಿಂದ ಮಂಗಳವಾರದ ಮಧ್ಯರಾತ್ರಿ ಎಚ್ಚರವಿದ್ದು ಪ್ರಯೋಜನವಿಲ್ಲ. ಕೊಳ್ಳುವ ದಿನಕ್ಕಿಂತ ಹಾರುವ ದಿನವೇ ದರವನ್ನು ಹೆಚ್ಚು ನಿರ್ಧರಿಸುತ್ತದೆ.

ಭಾರತದಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ವಿಪರೀತ ಬೇಡಿಕೆ. ಹೊಸದಾಗಿ ಓದಲು ಹೊರಟ ವಿದ್ಯಾರ್ಥಿಗಳೂ ಬೇಸಿಗೆ ರಜೆಗೆ ಊರಿಗೆ ಬಂದು ಹಿಂದಿರುಗುವ ಕುಟುಂಬಗಳೂ ಆಗಲೇ ಹೊರಡುತ್ತಾರೆ. ಅಲ್ಲಿಂದ ಇಲ್ಲಿಗೆ ಬರುವವರ ನೂಕುನುಗ್ಗಲು ಡಿಸೆಂಬರ್ 15ರ ನಂತರ. ಆದ್ದರಿಂದ ನೀವು ಜೂನ್ ಕೊನೆಯಲ್ಲೋ ಜುಲೈ ಮೊದಲ ವಾರದಲ್ಲೋ ಹೊರಟು, ಡಿಸೆಂಬರ್ ಮೊದಲ ವಾರದೊಳಗೆ ಮರಳುವಂತೆ ದಿನ ನೋಡಿ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಲ್ಲಿನ ವಲಸೆ ಅಧಿಕಾರಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಕೊಡುತ್ತಾರೆ. ಈ ಲೆಕ್ಕ ಅದರೊಳಗೇ ಬರುತ್ತದೆ. ಹೆರಿಗೆ ಹದಿನೈದು ದಿನ ಮುಂಚೆ ಆದರೂ ನೀವು ಅಲ್ಲಿರುತ್ತೀರಿ ಎಂಬುದು ಬೇರೆ ಲಾಭ.

ಇನ್ನು ಹುಡುಕುವ ಕ್ರಮ. ಗೂಗಲ್ ಫ್ಲೈಟ್ಸ್‌ನಲ್ಲಿ ಊರುಗಳನ್ನು ತುಂಬಿ ದಿನಾಂಕದ ಚೌಕವನ್ನು ತೆರೆದರೆ ಕ್ಯಾಲೆಂಡರಿನ ಒಂದೊಂದು ದಿನದ ಕೆಳಗೂ ದರ ಕಾಣುತ್ತದೆ. ಎರಡು ದಿನ ಆಚೀಚೆ ಮಾಡಿದರೆ ಇಬ್ಬರ ಟಿಕೆಟ್ ಸೇರಿ ಸಾವಿರಾರು ರೂಪಾಯಿ ವ್ಯತ್ಯಾಸ ಬರುವುದನ್ನು ಅಲ್ಲೇ ಕಾಣಬಹುದು. ದರದ ಮೇಲೆ ನಿಗಾ ಇಡುವ ಗುಂಡಿಯನ್ನು ಒತ್ತಿದರೆ ಏರಿಳಿತವಾದಾಗ ಇಮೇಲ್ ಬರುತ್ತದೆ. ಮೂರು ವಾರ ಹೀಗೆ ಗಮನಿಸಿ. ಈ ಮಾರ್ಗದಲ್ಲಿ ಯಾವುದು ಕಡಿಮೆ ದರ, ಯಾವುದು ಹೆಚ್ಚು ಎಂಬ ಅಂದಾಜು ನಿಮಗೇ ಬರುತ್ತದೆ. ಕಡಿಮೆ ಎನಿಸಿದ ದಿನ ಕೊಂಡುಬಿಡಿ. ಆಮೇಲೆ ದರ ನೋಡಲೇಬೇಡಿ. ಕೊಂಡ ಮೇಲೂ ದಿನಾ ದರ ನೋಡಿ ನಿದ್ದೆ ಕೆಡಿಸಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಹೆರಿಗೆಯಂತೆ ಮುಂದೂಡಲಾಗದ ಕಾರಣವಿದ್ದಾಗ ಹೊರಡುವುದಕ್ಕೆ ಎರಡು ತಿಂಗಳು ಇರುವಾಗಲಾದರೂ ಟಿಕೆಟ್ ಕೈಯಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ವಿಷಯದಲ್ಲಿ ದರಕ್ಕಿಂತ ಮುಖ್ಯವಾದುದು ಮಾರ್ಗ. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ವಲಸೆ ತಪಾಸಣೆ ನಡೆಯುತ್ತದೆ. ಮುಂದೆ ಇನ್ನೊಂದು ವಿಮಾನ ಇದ್ದರೂ ಲಗೇಜನ್ನು ಅಲ್ಲಿ ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು. ನ್ಯೂಯಾರ್ಕಿನಲ್ಲಿ ಇಳಿದು ಶಿಕಾಗೋಗೆ ಹೋಗುವ ಟಿಕೆಟ್ ಹತ್ತು ಸಾವಿರ ಕಡಿಮೆ ಇದೆ ಎಂದು ಕೊಂಡರೆ, ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಸೋತ ಮೇಲೆ 23 ಕಿಲೋ ತೂಕದ ನಾಲ್ಕು ಪೆಟ್ಟಿಗೆಗಳನ್ನು (ಉಪ್ಪಿನಕಾಯಿ, ಅಂಟಿನುಂಡೆ, ಬಾಣಂತಿ ಲೇಹ್ಯವೆಲ್ಲ ಅದರಲ್ಲೇ ಇರುತ್ತವೆ) ನೀವಿಬ್ಬರೇ ಎಳೆದುಕೊಂಡು ಇನ್ನೊಂದು ಟರ್ಮಿನಲ್ ಹುಡುಕಬೇಕಾಗುತ್ತದೆ. ದುಬೈ, ದೋಹಾ, ಅಬುಧಾಬಿ ಮೂರೂ ಊರುಗಳಿಂದ ನೇರವಾಗಿ ಶಿಕಾಗೋದಲ್ಲೇ ಇಳಿಸುವ ವಿಮಾನಗಳಿವೆ. ಅಬುಧಾಬಿಯಲ್ಲಂತೂ ಅಮೆರಿಕದ ವಲಸೆ ಮತ್ತು ಕಸ್ಟಮ್ಸ್ ತಪಾಸಣೆಯನ್ನು ವಿಮಾನ ಹತ್ತುವ ಮೊದಲೇ ಮುಗಿಸುವ ವ್ಯವಸ್ಥೆ 2014ರಿಂದ ಇದೆ. ಅಲ್ಲಿಂದ ಹೋದವರು ಶಿಕಾಗೋದಲ್ಲಿ ದೇಶದೊಳಗಿನ ಪ್ರಯಾಣಿಕರಂತೆ ನೇರವಾಗಿ ಲಗೇಜು ತೆಗೆದುಕೊಂಡು ಹೊರಬರುತ್ತಾರೆ. ಆ ಮಾರ್ಗವನ್ನು ಆರಿಸಿಕೊಂಡರೆ ನಡುವೆ ಮೂರು ಗಂಟೆಗಿಂತ ಕಡಿಮೆ ಬಿಡುವಿರುವ ಟಿಕೆಟ್ ಬೇಡ, ಏಕೆಂದರೆ ಆ ತಪಾಸಣೆಯ ಸಾಲಿಗೂ ಸಮಯ ಬೇಕು. ದೆಹಲಿಯ ಮೂಲಕ ಹೋಗುವುದಾದರೆ ಆಯಾ ದಿನದ ಒಟ್ಟು ಪ್ರಯಾಣದ ಅವಧಿಯನ್ನು ತಪ್ಪದೆ ನೋಡಿ; 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಸುತ್ತಿ ಹೋಗಿ, ಇಂಧನಕ್ಕಾಗಿ ಯೂರೋಪಿನಲ್ಲಿ ಇಳಿಯಬೇಕಾಗಿ ಬಂದಿತ್ತು.

ಕೊನೆಯದಾಗಿ, ಬಾಣಂತನಕ್ಕೆ ಹೋದವರು ಗೊತ್ತುಮಾಡಿದ ದಿನವೇ ಹಿಂದಿರುಗುವುದು ಅಪರೂಪ. ತೀರಾ ಅಗ್ಗದ ದರ್ಜೆಯಲ್ಲಿ ದಿನಾಂಕ ಬದಲಿಸಲು ಅವಕಾಶವೇ ಇರುವುದಿಲ್ಲ, ಇದ್ದರೂ ಶುಲ್ಕದ ಜೊತೆಗೆ ದರದ ವ್ಯತ್ಯಾಸವನ್ನೂ ಕಟ್ಟಬೇಕು. ಬರುವ ದಿನವನ್ನು ಶುಲ್ಕವಿಲ್ಲದೆ ಬದಲಿಸಬಹುದಾದ ದರ್ಜೆಗೆ ನಾಲ್ಕೈದು ಸಾವಿರ ಹೆಚ್ಚು ಕೇಳಿದರೆ ಕೊಡಿ. ಎರಡೂ ಟಿಕೆಟ್‌ಗಳು ಒಂದೇ ಪಿಎನ್‌ಆರ್‌ನಲ್ಲಿರಲಿ. ಬೆಂಗಳೂರಿಗೆ ಹಿಂದಿನ ದಿನವೇ ಬಂದಿರಿ. ಶಿರಸಿಯ ರಾತ್ರಿ ಬಸ್ಸನ್ನು ನಂಬಿ ಅದೇ ಬೆಳಗಿನ ವಿಮಾನ ಹಿಡಿಯುವ ಸಾಹಸ ಬೇಡ.

ಪ್ರಶ್ನೆ: ದಸರಾ ರಜೆಯಲ್ಲಿ ಮೈಸೂರಿನಿಂದ ನಾವು ನಾಲ್ವರು ಸಿಂಗಪುರ ಮತ್ತು ಮಲೇಷ್ಯಾ ನೋಡಲು ಹೋಗಬೇಕೆಂದಿದ್ದೇವೆ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಇನ್ನೂ ಎರಡು ತುಂಬಿಲ್ಲ. ಒಬ್ಬರಿಗೆಂದು ಹುಡುಕಿದಾಗ ಕಂಡ ದರ ಎಲ್ಲರಿಗೂ ಸೇರಿಸಿ ಹುಡುಕಿದಾಗ ತಲೆಗೆ ಮೂರು ಸಾವಿರ ಹೆಚ್ಚಾಗಿದೆ. ಇದು ಮೋಸವಲ್ಲವೇ?

ಉತ್ತರ: ಮೋಸವಲ್ಲ, ಮೇಲೆ ಹೇಳಿದ ದರ್ಜೆಗಳದ್ದೇ ಆಟ. ಅಗ್ಗದ ದರ್ಜೆಯಲ್ಲಿ ಒಂದೇ ಸೀಟು ಉಳಿದಿದ್ದು ನೀವು ಮೂರು ಸೀಟು ಕೇಳಿದರೆ (ಮಡಿಲ ಮಗುವಿಗೆ ಸೀಟಿಲ್ಲ), ವ್ಯವಸ್ಥೆಯು ಆ ಒಂದನ್ನು ಬಿಟ್ಟು, ಮೂರೂ ಒಟ್ಟಿಗೆ ಸಿಗುವ ಮೇಲಿನ ದರ್ಜೆಯಿಂದಲೇ ಎಲ್ಲರಿಗೂ ದರ ಹಾಕುತ್ತದೆ. ಆದ್ದರಿಂದ ಒಬ್ಬರಿಗೆ, ಇಬ್ಬರಿಗೆ, ಮೂವರಿಗೆ ಎಂದು ಬೇರೆ ಬೇರೆಯಾಗಿ ಹುಡುಕಿ ನೋಡಬೇಕು. ವ್ಯತ್ಯಾಸ ದೊಡ್ಡದಾಗಿದ್ದರೆ ಎರಡು ಪಿಎನ್‌ಆರ್‌ಗಳಾಗಿ ಒಡೆದು ಕೊಳ್ಳಬಹುದು. ಆದರೆ ಪ್ರತಿಯೊಂದರಲ್ಲೂ ದೊಡ್ಡವರೊಬ್ಬರು ಇರಲೇಬೇಕು, ಮತ್ತು ಎರಡೂ ಒಂದೇ ಕುಟುಂಬದ್ದು ಎಂದು ಸಂಸ್ಥೆಗೆ ಕರೆಮಾಡಿ ನಮೂದಿಸಬೇಕು. ವಿಮಾನದ ವೇಳೆ ಬದಲಾದಾಗ ಅರ್ಧ ಕುಟುಂಬ ಬೆಳಗಿನ ವಿಮಾನಕ್ಕೂ ಇನ್ನರ್ಧ ರಾತ್ರಿಯದಕ್ಕೂ ಹೋಗಬಾರದಲ್ಲ.

ನಿಮ್ಮ ಮಕ್ಕಳ ವಯಸ್ಸು ಇಬ್ಬರದೂ ಗಡಿಯಲ್ಲಿದೆ. ವಿಮಾನ ಸಂಸ್ಥೆಗಳು ವಯಸ್ಸನ್ನು ಎಣಿಸುವುದು ಪ್ರಯಾಣದ ದಿನಕ್ಕೆ, ಟಿಕೆಟ್ ಕೊಂಡ ದಿನಕ್ಕಲ್ಲ. ಮಗನಿಗೆ ಪ್ರವಾಸದ ನಡುವೆಯೇ ಎರಡು ವರ್ಷ ತುಂಬಿದರೆ ಬರುವಾಗ ಅವನಿಗೂ ಸೀಟು ಕೊಳ್ಳಬೇಕು. ಮಗಳಿಗೆ ಹನ್ನೆರಡು ತುಂಬಿದರೆ ಅವಳು ದೊಡ್ಡವರ ಲೆಕ್ಕ. ಕಡಿಮೆ ದರದ ವಿಮಾನಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ರಿಯಾಯಿತಿ ಬಹುತೇಕ ಇಲ್ಲವೆಂದೇ ತಿಳಿಯಿರಿ. ಅಲ್ಲಿ ಲಗೇಜು, ಸೀಟಿನ ಆಯ್ಕೆ, ಊಟ ಎಲ್ಲಕ್ಕೂ ಬೇರೆ ಹಣ, ಹಾಗಾಗಿ ಅವನ್ನೆಲ್ಲ ಕೂಡಿಸಿದ ಮೇಲೆಯೇ ಬೇರೆ ಸಂಸ್ಥೆಗಳ ದರದೊಡನೆ ಹೋಲಿಸಬೇಕು.

ಸಿಂಗಪುರದಲ್ಲಿ ಇಳಿದು, ಬಸ್ಸಿನಲ್ಲಿ ಕ್ವಾಲಾಲಂಪುರಕ್ಕೆ ಹೋಗಿ, ಅಲ್ಲಿಂದಲೇ ಬೆಂಗಳೂರಿಗೆ ಹಾರಿ. ಬಂದ ದಾರಿಯಲ್ಲೇ ಸಿಂಗಪುರಕ್ಕೆ ಮರಳುವ ಖರ್ಚೂ ಒಂದು ದಿನವೂ ಉಳಿಯುತ್ತವೆ. ಪಾವತಿ ರೂಪಾಯಿಯಲ್ಲೇ ಆಗಲಿ. ವಿದೇಶಿ ಹಣದಲ್ಲಿ ಪಾವತಿಸಿದರೆ ಅನೇಕ ಕಾರ್ಡುಗಳ ಮೇಲೆ ಶೇ 2ರಿಂದ 3.5ರವರೆಗೆ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ಏಜೆಂಟರು ಟಿಕೆಟ್ ಮತ್ತು ಹೋಟೆಲನ್ನು ಸೇರಿಸಿ ಪ್ಯಾಕೇಜ್ ಮಾಡಿಕೊಟ್ಟರೆ ಮೂಲದಲ್ಲೇ ತೆರಿಗೆ ವಸೂಲಿ ಮಾಡುತ್ತಾರೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಿರುತ್ತದೆ. ಬರೀ ಟಿಕೆಟ್ ಕೊಂಡರೆ ಈ ವಸೂಲಿ ಇಲ್ಲ.

ಪ್ರಶ್ನೆ: ಕಲಬುರಗಿಯವನು. ಜರ್ಮನಿಯಲ್ಲಿ ಸ್ನಾತಕೋತ್ತರ ಓದಿಗೆ ಪ್ರವೇಶ ಸಿಕ್ಕಿದೆ, ತರಗತಿ ಅಕ್ಟೋಬರ್‌ನಲ್ಲಿ ಆರಂಭ. ವೀಸಾ ಇನ್ನೂ ಬಂದಿಲ್ಲ. ಬೆಂಗಳೂರಿನಿಂದ ಕೊಲ್ಲಿಯ ಒಂದು ಊರಿಗೆ ಒಂದು ಟಿಕೆಟ್, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಬೇರೊಂದು ಟಿಕೆಟ್ ಕೊಂಡರೆ ಹನ್ನೆರಡು ಸಾವಿರ ಉಳಿಯುತ್ತದೆ ಎನ್ನುತ್ತಾನೆ ಗೆಳೆಯ. ಕೊಳ್ಳಲೇ?

ಉತ್ತರ: ಬೇಡ. ಬಿಡಿಬಿಡಿಯಾಗಿ ಕೊಂಡ ಎರಡು ಟಿಕೆಟ್‌ಗಳು ಎರಡು ಬೇರೆ ಒಪ್ಪಂದಗಳು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇಲ್ಲ. ಲಗೇಜು ಕೊನೆಯ ಊರಿನವರೆಗೆ ಹೋಗುವುದಿಲ್ಲ, ನಡುವೆ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲು ವಲಸೆ ದಾಟಬೇಕು, ದಾಟಲು ಆ ದೇಶದ ವೀಸಾ ಬೇಕು. ನನಗೆ ಪರಿಚಯವಿದ್ದ ಹುಡುಗನೊಬ್ಬ ಹೀಗೆಯೇ ಹೊರಟಿದ್ದ. ಮೊದಲ ವಿಮಾನ ಮೂರು ಗಂಟೆ ತಡ. ಪೆಟ್ಟಿಗೆ ಗಾಜಿನಾಚೆಯ ಪಟ್ಟಿಯ ಮೇಲೆ ಸುತ್ತುತ್ತಿತ್ತು, ಇವನು ವೀಸಾ ಇಲ್ಲದೆ ಗಾಜಿನ ಈಚೆ ನಿಂತಿದ್ದ. ಕೊನೆಗೆ ಎರಡರಷ್ಟು ಹಣ ಕೊಟ್ಟು ಹೊಸ ಟಿಕೆಟ್ ಕೊಂಡ. ಪೆಟ್ಟಿಗೆ ಒಂಬತ್ತು ದಿನದ ಮೇಲೆ ಸೇರಿತು. 2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆ ಮುಚ್ಚಿದಂಥ ದಿನಗಳಲ್ಲಿ ಸಂಸ್ಥೆ ಬದಲಿ ವಿಮಾನ ಹುಡುಕಿಕೊಡುವುದು ಒಂದೇ ಟಿಕೆಟ್‌ನಲ್ಲಿ ಕೊನೆಯವರೆಗೆ ಹೊರಟವರಿಗೆ.

ನಿಮಗೆ ಬೇರೆ ದಾರಿ ಇದೆ. ಹಲವು ವಿಮಾನ ಸಂಸ್ಥೆಗಳು ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ದರ ಇಟ್ಟಿವೆ; ಅದರಲ್ಲಿ ಹೆಚ್ಚುವರಿ ಲಗೇಜೂ ದಿನಾಂಕ ಬದಲಿಸುವ ಸೌಲಭ್ಯವೂ ಸೇರಿರುತ್ತವೆ. ಅದು ಹೋಲಿಕೆಯ ತಾಣಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಸಂಸ್ಥೆಯ ಸ್ವಂತ ತಾಣಕ್ಕೇ ಹೋಗಿ ಪ್ರವೇಶ ಪತ್ರ ತೋರಿಸಿ ಕೊಳ್ಳಬೇಕು. ವೀಸಾ ಬರುವವರೆಗೆ ಹಣ ಹಿಂದಿರುಗದ ಟಿಕೆಟ್ ಕೊಳ್ಳಬೇಡಿ. ಕೊಂಡ ಮೇಲೆ ಪಿಎನ್‌ಆರ್ ಬಂತೆಂದು ಸುಮ್ಮನಾಗದೆ ಹದಿಮೂರು ಅಂಕಿಯ ಇ-ಟಿಕೆಟ್ ಸಂಖ್ಯೆ ಇದೆಯೇ ನೋಡಿ. ಮೊದಲ ಮೂರು ಅಂಕಿ ಸಂಸ್ಥೆಯ ಗುರುತು: ಲುಫ್ತಾನ್ಸಾ ಆದರೆ 220, ಎಮಿರೇಟ್ಸ್ 176, ಏರ್ ಇಂಡಿಯಾ 098. ಆ ಸಂಖ್ಯೆ ಇಲ್ಲದಿದ್ದರೆ ಸೀಟು ಹಿಡಿದಿಟ್ಟಿದ್ದಾರೆ, ಟಿಕೆಟ್ ಇನ್ನೂ ಆಗಿಲ್ಲ ಎಂದರ್ಥ.

ಪ್ರಶ್ನೆ: ಕುಂದಾಪುರದವಳು. ಯಜಮಾನರು ದುಬೈಯಲ್ಲಿದ್ದಾರೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ. ರಜೆ ಬಂತೆಂದರೆ ಮಂಗಳೂರಿನ ದರ ಮುಟ್ಟಲಾಗದಂತೆ ಏರುತ್ತದೆ. ಉಪಾಯವೇನು?

ಉತ್ತರ: ಕೊಲ್ಲಿಯ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಜೂನ್ ಕೊನೆಯಲ್ಲಿ ಅಲ್ಲಿಂದ ಇಲ್ಲಿಗೆ, ಆಗಸ್ಟ್ ಕೊನೆಯಲ್ಲಿ ಇಲ್ಲಿಂದ ಅಲ್ಲಿಗೆ ಜನ ಮುಗಿಬೀಳುತ್ತಾರೆ. ನೀವು ಹೋಗುವುದು ನಮ್ಮ ಏಪ್ರಿಲ್, ಮೇ ರಜೆಯಲ್ಲಾದ್ದರಿಂದ ಆ ಪ್ರವಾಹ ನಿಮಗೆ ಅಡ್ಡ ಬರುವುದಿಲ್ಲ. ಪರೀಕ್ಷೆ ಮುಗಿದ ವಾರವೇ ಹೋಗಿ ಶಾಲೆ ತೆರೆಯುವ ಹಿಂದಿನ ದಿನ ಬರುವುದನ್ನು ಬಿಟ್ಟು, ಎರಡು ಕಡೆಯೂ ನಾಲ್ಕೈದು ದಿನ ಒಳಕ್ಕೆ ಸರಿಸಿ ನೋಡಿ. ಮಂಗಳೂರಿನ ಜೊತೆಗೆ ಕಣ್ಣೂರು, ಗೋವಾ, ಬೆಂಗಳೂರುಗಳನ್ನೂ, ಆಚೆ ದಡದಲ್ಲಿ ಶಾರ್ಜಾವನ್ನೂ ಹೋಲಿಸಿ. ಶಾರ್ಜಾದಿಂದ ದುಬೈಗೆ ರಸ್ತೆಯಲ್ಲಿ ಬಹಳ ದೂರವಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ನೀವಾದ್ದರಿಂದ, ಎರಡು ಸಾವಿರದ ಉಳಿತಾಯಕ್ಕಾಗಿ ಬೆಂಗಳೂರಿಗೆ ಬಸ್ಸು ಹತ್ತುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ದಾವಣಗೆರೆಯಿಂದ. ಲಂಡನ್‌ಗೆ ಹೋಗುವ ಒಂದು ಕಡೆಯ ಟಿಕೆಟ್‌ಗಿಂತ ಹೋಗಿಬರುವ ಟಿಕೆಟ್ ಅಗ್ಗವಾಗಿದೆ! ಅದನ್ನೇ ಕೊಂಡು ಒಂದು ಕಡೆ ಮಾತ್ರ ಬಳಸಬಹುದೇ?

ಉತ್ತರ: ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಈ ವಿಚಿತ್ರ ಸಾಮಾನ್ಯ. ಟಿಕೆಟ್‌ನಲ್ಲಿರುವ ವಿಮಾನಗಳನ್ನು ಬರೆದ ಕ್ರಮದಲ್ಲೇ ಬಳಸಬೇಕೆಂಬುದು ನಿಯಮ. ಹೋಗುವ ವಿಮಾನ ಹತ್ತದೆ ಬರುವುದಕ್ಕೆ ಮಾತ್ರ ಬಳಸಲು ಹೊರಟರೆ, ಮೊದಲನೆಯದಕ್ಕೆ ಗೈರಾದೊಡನೆ ಉಳಿದದ್ದೆಲ್ಲ ರದ್ದಾಗಿರುತ್ತದೆ. ಹೋಗುವುದನ್ನು ಬಳಸಿ ಬರುವುದನ್ನು ಬಿಟ್ಟವರು ಇದ್ದಾರೆ. ಆದರೆ ಕೆಲವು ಸಂಸ್ಥೆಗಳ ಷರತ್ತಿನಲ್ಲಿ ಅದಕ್ಕೂ ನಿಷೇಧವಿದೆ, ಓದಿಕೊಂಡು ನಿರ್ಧರಿಸಿ.

ಇದೇ ಸಂದರ್ಭದಲ್ಲಿ ಬಹುಮಂದಿ ಕೇಳದೆ ಬಿಡುವ ಹಣದ ಬಗ್ಗೆ ಹೇಳುತ್ತೇನೆ. ರದ್ದು ಮಾಡಿದಾಗ ಅಥವಾ ಪ್ರಯಾಣ ಮಾಡದೇ ಹೋದಾಗ, ಮೂಲ ದರ ಹಿಂದಿರುಗದ ಅಗ್ಗದ ಟಿಕೆಟ್ ಆದರೂ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ಹಿಂದಿರುಗಿಸಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ತಾನಾಗಿ ಬರುವುದನ್ನು ಕಾಯಬೇಡಿ. ಟಿಕೆಟ್ ಸಂಖ್ಯೆ ನಮೂದಿಸಿ ಬರವಣಿಗೆಯಲ್ಲಿ ಕೇಳಿ. ಏಜೆಂಟರ ಮೂಲಕ ಕೊಂಡಿದ್ದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ.