ಆ ‘ಎಲ್ಲಾ’ದೊಳಗೆ ಏನೇನಿದೆ?

ಮಂಡ್ಯದ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಪತ್ರದ ಸಾರ: “ನನಗೆ 62, ಮನೆಯವರಿಗೆ 58. ನಮ್ಮಮ್ಮ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದಾಗ ನೋಡಿಕೊಂಡದ್ದು ಮನೆಯವರೇ. ನಾಳೆ ನಮ್ಮನ್ನು ನೋಡುವವರಿಲ್ಲ. ದೀರ್ಘಕಾಲದ ಆರೈಕೆಗೆ ವಿಮೆ ಮಾಡಿಸಿ ಎನ್ನುತ್ತಾಳೆ ಅಮೆರಿಕದಲ್ಲಿರುವ ಮಗಳು. ‘ನಮ್ಮ ಆರೋಗ್ಯ ಪಾಲಿಸಿಯಲ್ಲಿ ಎಲ್ಲಾ ಸೇರಿದೆ ಸಾರ್’ ಎನ್ನುತ್ತಾರೆ ಇಲ್ಲಿಯ ಏಜೆಂಟರು. ಮಾಡಿಸಲೇ?”

ಮೇಷ್ಟ್ರೇ, ಆ ‘ಎಲ್ಲಾ’ವನ್ನು ಬರೆದು ಸಹಿ ಹಾಕಿಕೊಡಿ ಅಂತ ಕೇಳಿ ನೋಡಿ.

ಮಗಳು ಹೇಳುತ್ತಿರುವ ಪಾಲಿಸಿಯೇ ಬೇರೆ. ಸ್ನಾನ, ಬಟ್ಟೆ, ಊಟ, ಶೌಚ, ಮಲಮೂತ್ರದ ಹಿಡಿತ, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಈ ಆರರಲ್ಲಿ ಎರಡು ಕೈಲಾಗದೆ ಹೋದರೆ ಅಲ್ಲಿ ಹಣ ಬರುತ್ತದೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಇದನ್ನು ಕಡ್ಡಾಯ ವಿಮೆಯನ್ನಾಗಿಯೇ ತಂದವು. ನಮ್ಮಲ್ಲಿ ಸಾಮಾನ್ಯವಾಗಿ ಮಾರುವುದು ಆಸ್ಪತ್ರೆ ಬಿಲ್ಲಿನ ವಿಮೆ. ಅದರ ‘ಎಕ್ಸ್‌ಕ್ಲೂಷನ್’ ಪುಟ, ಅಂದರೆ ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಎಂಬ ಪಟ್ಟಿ, ತೆಗೆದು 05 ಎಂಬ ಕೋಡ್ ಹುಡುಕಿ. ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು, ಓಡಾಡಿಸಲು ನರ್ಸನ್ನಿಟ್ಟುಕೊಂಡರೂ ಅಷ್ಟೇ, ಆಯಾ ಇಟ್ಟುಕೊಂಡರೂ ಅಷ್ಟೇ, ಮನೆಯಲ್ಲಾದರೂ ಆರೈಕೆ ಕೇಂದ್ರದಲ್ಲಾದರೂ ಕಂಪನಿ ಕೊಡುವುದಿಲ್ಲ ಎಂದಿರುತ್ತದೆ.

ಆ ಸಾಲು ನಾನು ಓದಿದ್ದು ತಡವಾಗಿ. ನಮ್ಮ ತಂದೆಗೆ ಲಕ್ವ ಹೊಡೆದಾಗ ಮೈಸೂರಿನ ಆಸ್ಪತ್ರೆಯ 9 ದಿನದ ಬಿಲ್ಲು ಕಂಪನಿ ಕಟ್ಟಿತು. ಆಮೇಲಿನ 14 ತಿಂಗಳು ನಮ್ಮ ಪಾಲಿಗೆ. ನಂಜನಗೂಡು ಕಡೆಯ ಒಬ್ಬ ಹೆಂಗಸು ಬೆಳಗ್ಗೆ ಎಂಟಕ್ಕೆ ಬರುತ್ತಿದ್ದರು. ಎರಡು ಗಂಟೆಗೊಮ್ಮೆ ಅಪ್ಪನ ಮಗ್ಗುಲು ಬದಲಿಸಿ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ‘ಎ’ ಅಥವಾ ‘ಬ’ ಅಂತ ಬರೆಯೋರು, ಎಡಕ್ಕೆ ಬಲಕ್ಕೆ. ಕೊನೆಯವರೆಗೂ ಬೆನ್ನಿಗೆ ಒಂದು ಹುಣ್ಣಾಗಲಿಲ್ಲ. ಅವರ ಸಂಬಳ ತಿಂಗಳಿಗೆ 18 ಸಾವಿರ. ಕ್ಲೇಮ್ ಫಾರಂ ತಿರುವಿ ಹಾಕಿದೆ, ಅದನ್ನು ಬರೆಯಲು ಒಂದು ಕಾಲಂ ಇರಲಿಲ್ಲ.

ಹಾಗಂತ ಆರೋಗ್ಯ ವಿಮೆ ಬೇಡವೆನ್ನುತ್ತಿಲ್ಲ. ಬೇಕು, ಬೇಗ ಬೇಕು. 65 ದಾಟಿದರೆ ಹೊಸ ಪಾಲಿಸಿ ಇಲ್ಲವೆಂಬ ಕಟ್ಟು 2024ರ ಏಪ್ರಿಲ್‌ನಲ್ಲಿ ಹೋಯಿತು, ನಿಜ. ಆದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಶುಗರ್, ಬಿಪಿ ಇದ್ದರೆ ಮುಚ್ಚಿಡಬೇಡಿ. ‘ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿಯಾಗುತ್ತೆ’ ಅನ್ನುವ ಏಜೆಂಟರು ಕ್ಲೇಮಿನ ದಿನ ಫೋನು ಎತ್ತುವುದಿಲ್ಲ. ಕೈಗೆ ಬಂದ ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ವಾಪಸು ಕೊಡಬಹುದು.

ಪಟ್ಟಿಯಲ್ಲಿರುವ ದೊಡ್ಡ ಕಾಯಿಲೆ ಬಂದರೆ ಇಡಿಗಂಟು ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯ ಹಣದಲ್ಲಿ ಆಯಾಗೂ ಸಂಬಳ ಕೊಡಬಹುದು. ಲಕ್ವಕ್ಕಾದರೆ ಒಂದು ಷರತ್ತು: ಕಾಯಂ ನ್ಯೂನತೆ ಕಡೇಪಕ್ಷ ಮೂರು ತಿಂಗಳು ಉಳಿದಿರಬೇಕು.

ಆರೈಕೆಯ ದುಡ್ಡನ್ನು ಮಾತ್ರ ನೀವೇ ಕಟ್ಟಿಡಬೇಕು. ಗ್ರಾಚ್ಯುಟಿ ಹಣ ಉಳಿದಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬೀಳುತ್ತದೆ. ಅದನ್ನು ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಮುಟ್ಟಬೇಡಿ.

ಇನ್ನೊಂದು, ನೀವು ಕೇಳದೆ ಇದ್ದದ್ದು. ನೀವು ಮೊದಲು ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಮನೆಯವರಿದ್ದಾರೆ. ಅವರ ಸರದಿಗೆ ಯಾರು? ಎಲ್ಲವನ್ನೂ ನಿಮ್ಮ ಹೆಸರಿಗೇ ಕಟ್ಟಬೇಡಿ. ಅವರಿಗೆ 60 ತುಂಬಿದ ವಾರವೇ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ ಅವರದೇ ಖಾತೆ ತೆರೆಸಿ.